ಹತ್ತು ಹೊಡೆತದ ನಿಯಮ

ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಮನುಷ್ಯರಿಗೆಂದು ಕಟ್ಟಿದ ಕೋಣೆ ಒಂದೂ ಇರಲಿಲ್ಲ. ಅದು ಮಗ್ಗಗಳಿಗಾಗಿ ಕಟ್ಟಿದ ಮನೆ. ಮಗ್ಗಗಳು ಬಿಟ್ಟುಕೊಟ್ಟ ಜಾಗದಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ಅಕ್ಕ ಗಂಗಮ್ಮ ಮತ್ತು ನಾನು ಉಂಡೆವು, ಮಲಗಿದೆವು, ಜಗಳವಾಡಿದೆವು. ಹೊಸ್ತಿಲು ದಾಟಿದೊಡನೆ ಸಿಗುವ ಉದ್ದನೆಯ ಪಡಸಾಲೆಯ ನೆಲದಲ್ಲಿ ಎರಡು ಗುಂಡಿಗಳು. ಒಂದೊಂದು ಗುಂಡಿಗೆ ಒಂದೊಂದು ಮಗ್ಗ. ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತವರ ಸೊಂಟ ನೆಲದ ಮಟ್ಟಕ್ಕೆ ಬರುತ್ತಿದ್ದುದರಿಂದ, ಹೊರಗಿನಿಂದ ಬಂದವರಿಗೆ ನಮ್ಮ ಅಪ್ಪ ಯಾವಾಗಲೂ ಅರ್ಧ ಮನುಷ್ಯನಾಗಿಯೇ ಕಾಣುತ್ತಿದ್ದ. ಬಾಗಿಲ ಕಡೆಯದು ಅಪ್ಪನ ಮಗ್ಗ. ಒಳಗಿನದು ತೀರಿಕೊಂಡ ಅಜ್ಜನದು. ಅಜ್ಜ ಹೋದ ಮೇಲೆ ಅದರಲ್ಲಿ ಯಾರೂ ಕೂತಿರಲಿಲ್ಲ. ಅವ್ವ ಅದರ ಮರದ ಮೇಲೆ ಒದ್ದೆ ಬಟ್ಟೆ ಹರವುತ್ತಿದ್ದಳು. ಅಜ್ಜಿ ಅದರ ಗುಂಡಿಯಲ್ಲಿ ಈರುಳ್ಳಿ ತುಂಬಿಸಿಟ್ಟಿದ್ದಳು. ಒಲೆ ಹಿಂಬದಿಯ ಗೋಡೆಗೆ ಅಂಟಿಕೊಂಡಿತ್ತು. ಹೊಗೆ ರೇಷ್ಮೆಗೆ ತಾಗಬಾರದೆಂದು ನಡುವೆ ಒಂದು ಗೋಣಿಯ ಪರದೆ. ಪರದೆಯ ಆಚೆಗೆ ಮುದ್ದೆ, ಈಚೆಗೆ ರೇಷ್ಮೆ. ಮುದ್ದೆ ತಿಂದ ಕೈಯನ್ನು ಎರಡು ಸಲ ತೊಳೆಯದೆ ಪರದೆ ದಾಟಿದವರ ಬೆನ್ನಿಗೆ ಅವ್ವನ ಸೌಟು ಬೀಳುತ್ತಿತ್ತು. ನಿಯಮವೆಂದರೇನು ಎಂಬುದನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ. ಆ ಗೋಣಿಯ ಪರದೆಯ ಬಳಿ.

ಈಗ ಚಳ್ಳಕೆರೆಯಲ್ಲಿರುವ ನನ್ನ ಮನೆಯ ಮೇಜಿನ ಸುತ್ತ ಪ್ರತಿ ಭಾನುವಾರ ಬೆಳಿಗ್ಗೆ ಐದು ಜನ ಸೇರುತ್ತಾರೆ. ನಾನು ಒಂದು ಲೋಕವನ್ನು ಮಾತಿನಲ್ಲಿ ಕಟ್ಟುತ್ತೇನೆ. ಅವರು ತಲಾ ಒಂದೊಂದು ಪಾತ್ರವಾಗಿ ಅದರೊಳಗೆ ನಡೆಯುತ್ತಾರೆ. ಏನು ಮಾಡುತ್ತೇವೆಂದು ಅವರು ಹೇಳುತ್ತಾರೆ. ಅದು ಫಲಿಸಿತೋ ಇಲ್ಲವೋ ಎಂಬುದನ್ನು ಹಲವು ಮುಖಗಳ ದಾಳಗಳು ನಿರ್ಧರಿಸುತ್ತವೆ. ಮೂವತ್ತು ವರ್ಷಗಳಿಂದ ಈ ಆಟವನ್ನು ನಡೆಸುತ್ತಿದ್ದೇನೆ. ನಡೆಸುವವನಿಗೆ ‘ಗೇಮ್ ಮಾಸ್ಟರ್’ ಎನ್ನುತ್ತಾರೆ. ಕನ್ನಡದಲ್ಲಿ ‘ನಿರ್ವಾಹಕ’ ಎಂದರೆ ಟಿಕೆಟು ಕೊಡುವವನೆಂದು ತಿಳಿಯುತ್ತಾರೆ. ಹಾಗಾಗಿ ಇಂಗ್ಲಿಷನ್ನೇ ಇಟ್ಟುಕೊಂಡಿದ್ದೇನೆ, ಒಲ್ಲದ ಮನಸ್ಸಿನಿಂದ. ಔಷಧಿ ಅಂಗಡಿಯ ಯುವಕನೊಬ್ಬ ಯುದ್ಧದ ನಡುವೆ ಎದ್ದು ಫೋನಿನಲ್ಲಿ ಮಾತ್ರೆಯ ಹೆಸರು ಹೇಳುತ್ತಾನೆ. ಕುದಾಪುರದ ಕಡೆ ಕೆಲಸಕ್ಕೆ ಹೋಗುವ ಇನ್ನೊಬ್ಬ ತನ್ನ ಪಾತ್ರ ಸತ್ತರೆ ದಾಳವನ್ನು ತೂಗಿ ನೋಡಬೇಕೆನ್ನುತ್ತಾನೆ. ನಾನು ಹದಿನೆಂಟು ಪುಟಗಳ ನಿಯಮಾವಳಿಯನ್ನು ಕಾಗುಣಿತದ ಒಂದು ತಪ್ಪೂ ಇಲ್ಲದಂತೆ ಟೈಪು ಮಾಡಿ ಎಲ್ಲರಿಗೂ ಕೊಟ್ಟಿದ್ದೇನೆ. ಒಬ್ಬನೂ ಎರಡನೆಯ ಪುಟವನ್ನು ದಾಟಿಲ್ಲ. ಇಷ್ಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ಬಂದವನಿಗೆ ಇದೇನೂ ಹೊಸ ಅನುಭವವಲ್ಲ; ಆದರೂ ಸಿಟ್ಟು ಬರುತ್ತದೆ. ಆಗಾಗ ಅವರು ಕೇಳುವುದುಂಟು: “ಸಾರ್, ಇದನ್ನೆಲ್ಲ ಯಾವ ಪುಸ್ತಕದಿಂದ ಕಲಿತಿರಿ?” ಶಿಕ್ಷಕರ ತರಬೇತಿಯ ಹಾಸ್ಟೆಲಿನಲ್ಲಿ ಸಹಪಾಠಿಯೊಬ್ಬ ಇಂಥ ಆಟದ ಇಂಗ್ಲಿಷ್ ನಿಯಮಗಳ ಜೆರಾಕ್ಸ್ ಪ್ರತಿ ತೋರಿಸಿದ್ದ, ನಿಜ. ಆದರೆ ಅದನ್ನು ಓದಿದಾಗ ನನಗಾದದ್ದು ಆಶ್ಚರ್ಯವಲ್ಲ, ಕೋಪ. ನಮ್ಮ ಪಡಸಾಲೆಯ ಆಟವನ್ನು ಯಾರೋ ನನ್ನನ್ನು ಕೇಳದೆ ಅಚ್ಚು ಹಾಕಿಸಿಬಿಟ್ಟಿದ್ದರು.

ಪಡಸಾಲೆಯಲ್ಲಿ ಆ ಆಟ ಹುಟ್ಟಿದ್ದು ನಮ್ಮ ಕೆಲಸದ ರೀತಿಯಿಂದ. ಮೊಳಕಾಲ್ಮೂರಿನ ಸೀರೆಯ ಅಂಚು ಒಂದು ಬಣ್ಣ, ಒಡಲು ಇನ್ನೊಂದು ಬಣ್ಣ. ಅಂಥ ಸೀರೆಗೆ ಅಡ್ಡ ಎಳೆ ಒಯ್ಯುವ ಮೂರು ಲಾಳಿಗಳು ಬೇಕು: ಒಡಲಿಗೊಂದು, ಎರಡೂ ಬದಿಯ ಅಂಚುಗಳಿಗೆ ಒಂದೊಂದು. ನೇಯುವವನು ಎರಡು ಲಾಳಿಗಳನ್ನು ನೋಡಿಕೊಳ್ಳುತ್ತಾನೆ. ಮೂರನೆಯದನ್ನು ಎಸೆಯಲು ಅವನ ಎಡಗಡೆಯಲ್ಲಿ ಇನ್ನೊಬ್ಬರು ಕೂರಬೇಕು. ಪ್ರತಿ ಸಲವೂ ಅಂಚಿನ ಎಳೆ ಒಡಲಿನ ಎಳೆಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುವುದನ್ನು ನೋಡಿ ಎಸೆಯಬೇಕು. ಸಿಕ್ಕಿಕೊಳ್ಳದಿದ್ದರೆ ಅಂಚು ಬೇರೆ, ಸೀರೆ ಬೇರೆ. ನಮ್ಮಲ್ಲಿ ಆ ಎಡಗಡೆಯ ಜಾಗ ಅಕ್ಕನದು. ಏಳನೆಯ ತರಗತಿ ಮುಗಿಸಿ ಅಲ್ಲಿ ಕೂತವಳು ಮೂರು ವರ್ಷದಿಂದ ಎದ್ದಿರಲಿಲ್ಲ. ನಾನು ಶಾಲೆಯಿಂದ ಬಂದೊಡನೆ ಅವರ ಎದುರು ನೆಲದ ಮೇಲೆ ರಾಟೆ ಹಿಡಿದು, ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ರೇಷ್ಮೆ ಸುತ್ತಬೇಕಿತ್ತು. ಕೈಗಳು ದುಡಿಯುತ್ತಿದ್ದವು; ಬಾಯಿ ಖಾಲಿಯಿತ್ತು. ಹಾಗಾಗಿ ಹನ್ನೆರಡನೆಯ ವಯಸ್ಸಿನಲ್ಲಿ ನಾನು ಊರ ಹಿಂದಿನ ಬಂಡೆಗುಡ್ಡದ ಮೇಲೆ ಮಾತಿನಲ್ಲೊಂದು ಕೋಟೆ ಕಟ್ಟಿ, ಅಕ್ಕನನ್ನು ಅದರ ಬುಡಕ್ಕೆ ಕರೆದೊಯ್ದು ನಿಲ್ಲಿಸಿ, ಕೇಳಿದೆ:

“ಈಗ ಏನು ಮಾಡ್ತೀಯಾ?”

ಅವಳು ಬೇಹುಗಾರ್ತಿಯಾದಳು. ನನ್ನ ನೋಟುಪುಸ್ತಕದಲ್ಲಿ ಪಾತ್ರದ ಹೆಸರು, ವಯಸ್ಸು, ಆಯುಧ, ಶಕ್ತಿ ಎಂದು ನಾಲ್ಕು ಅಂಕಣ ಗೀಚಿದ್ದೆ. ಹೆಸರಿನ ಅಂಕಣವನ್ನು ಅವಳು ಕೊನೆಯವರೆಗೂ ತುಂಬಲು ಬಿಡಲಿಲ್ಲ.

“ಬೇಹಿಗೆ ಹೋಗೋಳಿಗೆ ಹೆಸರಿದ್ರೆ ಸಿಕ್ಕಾಕ್ಕಂತಾಳೆ ಕಣೋ. ಖಾಲಿ ಬಿಡು.”

“ಖಾಲಿ ಬಿಡೋ ಹಂಗಿಲ್ಲ. ನಿಯಮ ಐತೆ.”

“ನಿಯಮ ಬರ್ದೋನು ನೀನೇ ಅಲ್ವಾ? ಇನ್ನೊಂದು ಬರ್ಕ.”

ಆ ಖಾಲಿ ಅಂಕಣ ನನ್ನನ್ನು ತಿಂಗಳುಗಟ್ಟಲೆ ಕಾಡಿತು. ಆದರೆ ಅವಳು ಆಡುತ್ತಿದ್ದ ಬಗೆಯನ್ನು ಇಂದಿಗೂ ಯಾರಲ್ಲಿಯೂ ಕಂಡಿಲ್ಲ. ಕತ್ತಿ ಹಿಡಿದು ನುಗ್ಗುತ್ತಿರಲಿಲ್ಲ. ನೀರು ಹೊರುವವರ ಸಾಲಿನಲ್ಲಿ ಸೇರಿಕೊಂಡು, ಕೊಡದ ಭಾರಕ್ಕೆ ಕುತ್ತಿಗೆ ಎಷ್ಟು ಬಾಗಬೇಕೋ ಅಷ್ಟೇ ಬಾಗಿಸಿ, ಕಾವಲಿನವರ ಕಣ್ಣು ಎಲ್ಲಿ ನಿಲ್ಲುತ್ತದೆಂದು ಮೊದಲು ಕೇಳಿ ಆಮೇಲೆ ಹೆಜ್ಜೆ ಇಡುತ್ತಿದ್ದಳು. ಅಜ್ಜಿ ಸೈನ್ಯದ ಅಡುಗೆಯವಳು. ರಾಯದುರ್ಗದ ಕಡೆಯಿಂದ ಬಂದ ಅವಳ ಬಾಯಲ್ಲಿ ತೆಲುಗು ಮೊದಲು ಬಂದು ಕನ್ನಡ ಹಿಂದಿನಿಂದ ಬರುತ್ತಿತ್ತು. ಮೊರದಲ್ಲಿ ಐದು ಕವಡೆಗಳನ್ನು ಚೆಲ್ಲಿ ಫಲವನ್ನು ಹೇಳುವುದು ಅವಳ ಕೆಲಸ. ಅಷ್ಟನ್ನೇ ಮಾಡಿದ್ದರೆ ಚೆನ್ನಾಗಿತ್ತು. ನಾನು ಎಂಥ ಭಯಂಕರ ಶತ್ರುವನ್ನು ತಂದು ನಿಲ್ಲಿಸಿದರೂ ಅವಳದು ಒಂದೇ ಪ್ರಶ್ನೆ:

“ಎವರಿ ಕೊಡುಕುರಾ ವಾಡು? ಯಾರ ಮಗ ಅವ್ನು? ಉಂಡಿದ್ದಾನಾ ಕೇಳು ಮೊದ್ಲು.”

ಅವಳ ಕಾಟಕ್ಕೆ ನನ್ನ ಕೋಟೆಯ ಅರ್ಧ ಸೈನ್ಯ ನೆಂಟರಾಗಿ ಹೋಯಿತು. ಅವ್ವ ಮಾತ್ರ ಒಂದು ದಿನವೂ ಆಡಲಿಲ್ಲ. ಗೋಣಿಯ ಪರದೆಯ ಆಚೆಯಿಂದಲೇ ಹೇಳುತ್ತಿದ್ದಳು: “ಸುಳ್ಳು ಕೋಟೆಗೆ ಹೋಗೋರು ಹೋಗ್ತಾ ನಿಜವಾದ ಬಾವಿಯಿಂದ ಎರಡು ಕೊಡ ನೀರು ತಗಂಬನ್ನಿ.” ತಪ್ಪು ತಿದ್ದುವ ನನ್ನ ಚಾಳಿಗಾಗಿ ನನಗೆ ‘ಮೇಷ್ಟ್ರು’ ಎಂದು ಹೆಸರಿಟ್ಟವಳೂ ಅವಳೇ. ಅಪ್ಪ ಆಟವನ್ನು ಬೇಡವೆನ್ನಲಿಲ್ಲ, ಆಡಲೂ ಇಲ್ಲ. ಕಿವಿ ಕೇಳಿಸದವನಂತೆ ನೇಯುತ್ತಿದ್ದ. ಆಟ ನಡೆಯುವಾಗ ಅಕ್ಕನ ಕೈಗೆ ತೂಕಡಿಕೆ ಬರುವುದಿಲ್ಲವೆಂಬುದು ಅವನಿಗೆ ಗೊತ್ತಿತ್ತು.

ಆಟಕ್ಕೊಂದು ಕಾಲಮಿತಿ ಬೇಕಿತ್ತು. ಮನೆಯಲ್ಲಿ ನಡೆಯುವ ಗಡಿಯಾರ ಇರಲಿಲ್ಲ. ಇದ್ದದ್ದು ಮಗ್ಗದ ಸದ್ದು. ಲಾಳಿ ಹೋಗಿ ಬಂದ ಮೇಲೆ ಎಳೆಯನ್ನು ಬಿಗಿಮಾಡಲು ಅಪ್ಪ ಹಲಗೆಯನ್ನು ತನ್ನ ಕಡೆಗೆ ಎಳೆದು ಹೊಡೆಯುತ್ತಿದ್ದ. ಆ ಹೊಡೆತ ನಮ್ಮ ಮನೆಯ ನಾಡಿಬಡಿತದಷ್ಟು ಸಮನಾಗಿತ್ತು. ಅದನ್ನೇ ಆಧರಿಸಿ ನಾನು ಮೂರನೆಯ ನಿಯಮವನ್ನು ಬರೆದೆ: ‘ಪ್ರಶ್ನೆ ಕೇಳಿದ ಹತ್ತು ಹೊಡೆತಗಳೊಳಗಾಗಿ ಆಟಗಾರರು ಉತ್ತರಿಸತಕ್ಕದ್ದು. ತಪ್ಪಿದಲ್ಲಿ ಅವರ ಪರವಾಗಿ ಕವಡೆಗಳೇ ನಿರ್ಧರಿಸತಕ್ಕದ್ದು.’ ಹೊಡೆತಗಳನ್ನು ಗಟ್ಟಿಯಾಗಿ ಎಣಿಸುವ ಹಕ್ಕು ನನ್ನದು. ಆ ವಯಸ್ಸಿನಲ್ಲಿ ನಾನು ಬರೆದ ಅತ್ಯಂತ ಸುಂದರವಾದ ವಾಕ್ಯವದು ಎಂದು ನಂಬಿದ್ದೆ. ಹೊಡೆತಗಳನ್ನು ಎಣಿಸುವ ನಾನು, ಅದೇ ಹೊಡೆತಗಳ ನಡುವೆ ಲಾಳಿ ಎಸೆಯುವ ಕೈಯೂ ಉತ್ತರ ಕೊಡಬೇಕಾದ ಬಾಯಿಯೂ ಒಬ್ಬಳದೇ ಎಂಬುದನ್ನು ಮಾತ್ರ ಎಣಿಕೆಗೆ ತೆಗೆದುಕೊಂಡಿರಲಿಲ್ಲ.

ಅಕ್ಕನಿಗೆ ಬೇಕಾಗಿದ್ದದ್ದು ಶಾಲೆಯಲ್ಲ, ನನ್ನ ಕೋಟೆಯೂ ಅಲ್ಲ. ಅವಳಿಗೆ ಅಜ್ಜನ ಮಗ್ಗ ಬೇಕಿತ್ತು. ಮಗ್ಗದ ಪಕ್ಕ ಕೂರುವುದಲ್ಲ. ಅದರ ಗುಂಡಿಯಲ್ಲಿ ತಾನೇ ಕಾಲಿಟ್ಟು, ಮೊದಲಿಂದ ಕೊನೆಯವರೆಗೆ ತನ್ನದೇ ಒಂದು ಸೀರೆ ನೇಯುವುದು. ನಮ್ಮ ಬೀದಿಯಲ್ಲಿ ಹೆಣ್ಣುಮಕ್ಕಳು ಸುತ್ತುವುದು, ಎಳೆಗೆ ಎಳೆ ಹೊಸೆದು ಕೆಚ್ಚುವುದು, ಅಂಚಿಗೆ ಕೂರುವುದು ಎಲ್ಲವನ್ನೂ ಮಾಡುತ್ತಿದ್ದರು. ಗುಂಡಿಗೆ ಇಳಿಯುತ್ತಿದ್ದವರು ಕಡಿಮೆ. ನಮ್ಮ ದೊಡ್ಡಪ್ಪ ತನ್ನ ಮಗ ಓಬಳೇಶನನ್ನು ಆ ಮಗ್ಗಕ್ಕೆ ಕೂರಿಸಬೇಕೆಂದು ಹಟ ಹಿಡಿದಿದ್ದ. ಓಬಳೇಶನಿಗೆ ಆಗಲೇ ಮೀಸೆ ಬಂದಿತ್ತು. ಕೆಲಸ ಮಾತ್ರ ಬಂದಿರಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಶೇಂಗಾ ಚಟ್ನಿಯೊಡನೆ ಮುದ್ದೆ ಉಣ್ಣುತ್ತಿದ್ದಾಗ ಅಕ್ಕ ನೇರವಾಗಿ ಕೇಳಿಬಿಟ್ಟಳು. ಅವ್ವನ ಕೈ ತಟ್ಟೆಯಲ್ಲೇ ನಿಂತಿತು.

“ಗುಂಡಿಗೆ ಇಳೀತೀನಿ ಅಂತಾಳಲ್ಲ. ನಾಳೆ ಹೋಗೋ ಮನೆಯೋರು ಏನಂದಾರು?”

“ಮಗ್ಗ ಬರೋ ಸೊಸೆ ಸಿಕ್ಕಿದ್ಲು ಅಂತಾರೆ,” ಎಂದಳು ಅಜ್ಜಿ.

ಅಪ್ಪ ನೀರು ಕುಡಿದು, ಚೊಂಬು ಕೆಳಗಿಟ್ಟು ಹೇಳಿದ: “ಈಗ ಮಗ್ಗಕ್ಕೆ ಹಾಕಿರೋ ಹಾಸಿನಾಗೆ ಮೂರು ಸೀರೆಗಾಗೋ ಎಳೆ ಐತೆ. ಮೂರರಾಗೂ ನಿನ್ನ ಕಡೆ ಅಂಚು ಒಂದು ಎಳೆನೂ ಕೆಡಬಾರ್ದು. ಹಂಗೆ ಮುಗಿಸಿದ್ರೆ ನಿಮ್ಮಜ್ಜನ ಮಗ್ಗಕ್ಕೆ ನೀನೇ ಕುಂತ್ಕ. ಕೆಟ್ರೆ ಓಬಳೇಶನ್ನ ಕರೀತೀನಿ. ಆಮ್ಯಾಕೆ ನನ್ನ ಕೇಳಬಾರ್ದು.”

ಷರತ್ತನ್ನು ನಾನು ನನ್ನ ನೋಟುಪುಸ್ತಕದ ಕೊನೆಯ ಪುಟದಲ್ಲಿ ದಾಖಲಿಸಿಕೊಂಡೆ. ಷರತ್ತುಗಳೆಂದರೆ ನನಗೆ ಅಷ್ಟು ಪ್ರೀತಿ.

ಎರಡು ಸೀರೆಗಳು ಒಂದು ಕೂದಲೆಳೆಯ ತಪ್ಪೂ ಇಲ್ಲದೆ ಇಳಿದವು. ಮೂರನೆಯದರಲ್ಲಿ ಸೆರಗಿಗೆ ಇನ್ನು ನಾಲ್ಕು ಮೊಳ ಇರುವಾಗ, ಒಂದು ಶನಿವಾರ, ನಾನು ಬೆಳಗಿನ ಶಾಲೆ ಮುಗಿಸಿ ಬಂದು ರಾಟೆಗೆ ಕೂತೆ. ಮೂರು ದಿನಗಳಿಂದ ನಾನು ಒಂದು ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಅಕ್ಕನ ಬೇಹುಗಾರ್ತಿ ಕೋಟೆಯ ಕಟ್ಟಕಡೆಯ ಓಣಿಯನ್ನು ತಲುಪಿದ್ದಳು. ಹಿಂದಿನಿಂದ ಕಾವಲಿನವರ ಹೆಜ್ಜೆ ಕೇಳುತ್ತಿತ್ತು.

“ಎದುರಿಗೆ ಮುಚ್ಚಿದ ಬಾಗಿಲು,” ಎಂದೆ. “ಒಳಗಿಂದ ಉಸಿರಾಡೋ ಸದ್ದು ಬರ್ತೈತೆ. ಏನು ಮಾಡ್ತೀಯಾ? ಒಂದು.”

“ಉಸಿರು ಒಬ್ಬರದಾ, ಇಬ್ಬರದಾ?”

“ತಿರುಗಿ ಪ್ರಶ್ನೆ ಕೇಳೋ ಹಂಗಿಲ್ಲ. ಎರಡು. ಮೂರು.”

“ಹೆಜ್ಜೆ ಎಷ್ಟು ದೂರದಾಗೈತೆ ಹೇಳೋ!”

“ನಾಕು.”

“ಒಳಗಿರೋನು ಯಾರ ಮಗ ಕೇಳೇ ಗಂಗಿ!” ಅಜ್ಜಿ ಮೊರವನ್ನು ಕುಟ್ಟಿದಳು.

“ಐದು. ಆರು. ಏಳು.”

ಏಳಕ್ಕೂ ಎಂಟಕ್ಕೂ ನಡುವೆ ಒಂದು ವಿರಾಮ ಬಂದಿತು. ಸಣ್ಣದು; ಒಂದು ಉಸಿರಿನಷ್ಟು. ಹೊಡೆತಗಳನ್ನೇ ಕೇಳುತ್ತಿದ್ದ ನನ್ನ ಕಿವಿಗೆ ಅದು ಗುಡುಗಿನಷ್ಟು ಸ್ಪಷ್ಟವಾಗಿತ್ತು. ಗುಂಡಿಯೊಳಗೆ ಅಪ್ಪನ ಕಾಲು ತುಳಿಯಬೇಕಾದ ಕಾಲ್ಮಣೆಯ ಮೇಲೆ ನಿಂತುಬಿಟ್ಟಿತ್ತು. ಮುಖ ಬಟ್ಟೆಯ ಕಡೆಗಿತ್ತು. ಕಿವಿ ಮಾತ್ರ ಅಕ್ಕನ ಕಡೆಗೆ. ಮತ್ತೆ ಹಲಗೆ ಬಡಿಯಿತು.

“ಎಂಟು. ಒಂಬತ್ತು.”

“ತೆಗೀತೀನಿ! ಬಾಗಿಲು ತೆಗೀತೀನಿ!”

ಅಜ್ಜಿ ಕವಡೆ ಚೆಲ್ಲಿದಳು. ಐದೂ ಅಂಗಾತ ಬಿದ್ದವು. ಅದಕ್ಕಿಂತ ದೊಡ್ಡ ಫಲ ನಮ್ಮ ಆಟದಲ್ಲಿರಲಿಲ್ಲ. ಅಷ್ಟರಲ್ಲಿ ಅವ್ವ ಉಣ್ಣಲು ಕರೆದಳು. ಊಟಕ್ಕೆ ಕರೆದೊಡನೆ ಆಟ ನಿಲ್ಲಬೇಕೆಂಬುದು ಐದನೆಯ ನಿಯಮ. ಒಳಗೇನಿತ್ತೆಂದು ಹೇಳದೆ ನಾನು ಪುಸ್ತಕ ಮುಚ್ಚಿದೆ. ಅಕ್ಕ ನನ್ನ ತಲೆಗೆ ಮೊಟಕಿದಳು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಎಂದೂ ನೋಡಿರಲಿಲ್ಲ.

ಸಂಜೆ, ನೇಯ್ದ ಬಟ್ಟೆಯನ್ನು ದಿಂಡಿಗೆ ಸುತ್ತುವ ಹೊತ್ತಿಗೆ ಅಪ್ಪ ಎಡಗಡೆಯ ಅಂಚಿನ ಮೇಲೆ ಹೆಬ್ಬೆರಳನ್ನು ಎಳೆಯುತ್ತ ಹೋದವನು ಒಂದೆಡೆ ನಿಂತ. ಹೆಬ್ಬೆರಳಿನ ಉಗುರು ಒಳಗೆ ತೂರಿತು. ಉಗುರಗಲದ ಸೀಳು. ಅಂಚಿನ ಕೆಂಪು ಎಳೆಗಳು ಅಲ್ಲಿ ಒಡಲಿನ ಹಸಿರನ್ನು ಹಿಡಿಯದೆ ಬರಿದೇ ತಿರುಗಿ ಹೋಗಿದ್ದವು. ಅದರಾಚೆಗೆ ಗೇಣುದ್ದ ಬಟ್ಟೆ ಬೆಳೆದಿತ್ತು. ಅಪ್ಪ ಕೂಗಾಡುವವನಲ್ಲ, ಅವನು ಪ್ರಶ್ನೆ ಕೇಳುವವನು. ಅಕ್ಕನನ್ನು ಕೇಳಲಿಲ್ಲ. ನನ್ನ ಕಡೆಗೆ ತಿರುಗಿದ, ಏಕೆಂದರೆ ನಾನು ಸುಳ್ಳು ಹೇಳುವವನಲ್ಲವೆಂದು ಇಡೀ ಬೀದಿಗೆ ಗೊತ್ತಿತ್ತು.

“ಈ ಕಡೆ ಯಾರು ಕುಂತಿದ್ರು?”

“ಅಕ್ಕ.”

“ಲಾಳಿ ಯಾರ ಕೈಯಾಗಿತ್ತು?”

“ಅಕ್ಕನ ಕೈಯಾಗೆ.”

“ನೀನೇನು ಮಾಡ್ತಿದ್ದೆ?”

“ರಾಟೆ ತಿರುಗಿಸ್ತಿದ್ದೆ.”

ಮೂರು ಪ್ರಶ್ನೆಗಳು, ಮೂರು ಉತ್ತರಗಳು; ಮೂರೂ ಸತ್ಯ. ಎಣಿಸುತ್ತಿದ್ದವರು ಯಾರೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಹತ್ತು ಹೊಡೆತಗಳಷ್ಟು ಹೊತ್ತು ನೋಡಿರಬೇಕು. ಆಮೇಲೆ, “ನನ್ನ ಕೈ ತಪ್ಪಿತು ಅಪ್ಪ,” ಎಂದು ಎದ್ದುಹೋಗಿ ಹಿತ್ತಲಲ್ಲಿ ಪಾತ್ರೆ ತಿಕ್ಕಲು ಕೂತಳು. ಅವತ್ತು ಪಾತ್ರೆ ತಿಕ್ಕುವ ಸರದಿ ಅವಳದಾಗಿರಲಿಲ್ಲ.

ನೇಯ್ಗೆಯಲ್ಲಿ ತಪ್ಪಿದ್ದನ್ನು ಮುಚ್ಚುವ ದಾರಿಯಿಲ್ಲ, ಬಿಚ್ಚುವ ದಾರಿ ಮಾತ್ರ ಇದೆ. ಗೇಣುದ್ದ ಬಟ್ಟೆಯನ್ನು ಒಂದೊಂದೇ ಎಳೆಯಾಗಿ ಹಿಂದಕ್ಕೆ ತೆಗೆಯಬೇಕು. ಅಕ್ಕ ಎಳೆ ತೆಗೆದಳು. ತೆಗೆದ ಎಳೆಯನ್ನು ಕಡಿಯದಂತೆ ನಾನು ಕಂಡಿಕೆಗೆ ಸುತ್ತಿದೆ. ಎರಡು ದಿನ ಹಿಡಿಯಿತು. ಆ ಎರಡು ದಿನ ಮನೆಯಲ್ಲಿ ಹೊಡೆತದ ಸದ್ದಿರಲಿಲ್ಲ. ಅಜ್ಜಿ ಕೂಡ ಮೊರವನ್ನು ಗೋಡೆಗೆ ಆನಿಸಿಟ್ಟುಬಿಟ್ಟಿದ್ದಳು. ಎರಡನೆಯ ದಿನದ ಸಂಜೆ ನನಗೆ ತಡೆಯಲಾಗಲಿಲ್ಲ.

“ಅಕ್ಕ, ನಿಯಮ ತಿದ್ದೀನಿ. ಹತ್ತು ಹೊಡೆತ ಅಂತಿದ್ದದ್ದನ್ನ ಇಪ್ಪತ್ತು ಮಾಡೀನಿ.”

ಅವಳು ಇನ್ನೊಂದು ಎಳೆ ತೆಗೆದಳು.

“ಮೂವತ್ತು ಬೇಕಾದ್ರೂ ಮಾಡ್ತೀನಿ.”

“ಎಳೆ ಸಡ್ಲ ಆಗ್ತೈತೆ. ಸುತ್ತು.”

ಬಾಗಿಲಿನ ಹಿಂದೆ ಇದ್ದವನು ಕೋಟೆಯ ಮುದಿ ಬೀಗದವನು. ನಿದ್ದೆ ಹೋಗಿದ್ದ. ಬೀಗದ ಕೈಗಳ ಗೊಂಚಲು ಅವನ ತಲೆದಿಂಬಿನ ಪಕ್ಕದಲ್ಲಿತ್ತು. ಐದೂ ಕವಡೆ ಅಂಗಾತ ಬಿದ್ದಿದ್ದರಿಂದ ಅಕ್ಕ ಅದನ್ನೆತ್ತಿಕೊಂಡರೆ ಇಡೀ ಕೋಟೆ ಅವಳದು, ಅವಳು ಗೆದ್ದಾಗಿತ್ತು. ಅದನ್ನು ಎರಡು ಪುಟಗಳಲ್ಲಿ, ವಿರಾಮಚಿಹ್ನೆಗಳ ಸಮೇತ ಬರೆದಿಟ್ಟಿದ್ದೆ. ಓದಿ ಹೇಳಲು ಕೇಳುವವರಿರಲಿಲ್ಲ.

ಬಿಚ್ಚಿ ಮತ್ತೆ ನೇಯ್ದ ಸೀರೆಯಲ್ಲಿ ತಪ್ಪಿನ ಗುರುತು ಎಳ್ಳಷ್ಟೂ ಉಳಿಯಲಿಲ್ಲ. ಆದರೆ ಷರತ್ತು ಷರತ್ತೇ. ಯುಗಾದಿಯ ಮರುವಾರ ಅಜ್ಜನ ಮಗ್ಗದ ಗುಂಡಿಯಿಂದ ಈರುಳ್ಳಿ ಹೊರಬಂತು. ಮರಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯ ಎಳೆಗಳ ತುದಿಗೆ ಒಂದೊಂದಾಗಿ ಹೊಸೆದು ಕೆಚ್ಚಿದವರು ಅವ್ವ ಮತ್ತು ಅಕ್ಕ. ತಾನು ಕೂರದ ಮಗ್ಗಕ್ಕೆ ಅಕ್ಕ ಮೂರು ದಿನ ಬೆನ್ನು ಬಾಗಿಸಿ ಕೆಚ್ಚಿದಳು. ಹೊಸ ಅಂಗಿ ಹಾಕಿಕೊಂಡು ಬಂದ ಓಬಳೇಶ ಗುಂಡಿಯ ಅಂಚಿಗೆ ಹಣೆ ಮುಟ್ಟಿಸಲು ಬಾಗಿದ. ದೊಡ್ಡಪ್ಪ ತೆಂಗಿನಕಾಯಿ ಹಿಡಿದು ನಿಂತಿದ್ದ. ಆಗ ನಾನು ಮಾತಾಡಿದೆ. ರಾತ್ರಿಯೆಲ್ಲ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಒಂದನ್ನೂ ಬಿಡದೆ ಹೇಳಿದೆ.

“ಅಪ್ಪ, ಅವತ್ತು ಅಂಚು ಸೀಳಿದ್ದು ಅಕ್ಕ ಒಬ್ಬಳ ತಪ್ಪಲ್ಲ. ನಾನು ಎಣಿಸ್ತಿದ್ದೆ. ಅವಳು ಕೇಳಿದ್ದಕ್ಕೆ ಉತ್ತರ ಕೊಡದೆ ಎಣಿಸಿದೆ. ಅಜ್ಜಿ ಕೂಗಿದ್ಲು. ಆಮೇಲೆ ಏಳಕ್ಕೂ ಎಂಟಕ್ಕೂ ಮಧ್ಯ ನಿನ್ನ ಕಾಲು ನಿಂತಿತ್ತು. ನೀನೂ ಕೇಳ್ತಿದ್ದೆ.”

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳು ನಗುತ್ತಿದ್ದಳೋ ಹೆದರಿದ್ದಳೋ ನನಗೆ ತಿಳಿಯಲಿಲ್ಲ.

“ಏನ್ಲಾ ಇದು, ಮಗ್ಗದ ಪೂಜೆನಾ, ಕೋರ್ಟಾ?” ಎಂದು ದೊಡ್ಡಪ್ಪ ಗಹಗಹಿಸಿದ.

ಅಪ್ಪ ನನ್ನನ್ನು ದೀರ್ಘವಾಗಿ ನೋಡಿದ. ಅಲ್ಲವೆನ್ನಲಿಲ್ಲ. ಅದೊಂದನ್ನು ನಾನು ಇಂದಿಗೂ ಅವನ ಲೆಕ್ಕಕ್ಕೆ ಒಳ್ಳೆಯದೆಂದು ಬರೆದುಕೊಂಡಿದ್ದೇನೆ. “ಕಾಯಿ ಒಡೀರಿ,” ಎಂದ. ದೊಡ್ಡಪ್ಪ ಒಡೆದ. ಓಬಳೇಶ ಇಳಿದು ಕೂತ. ಸತ್ಯವನ್ನು ತಪ್ಪಿಲ್ಲದ ವಾಕ್ಯಗಳಲ್ಲಿ ಹೇಳಿದರೆ ಏನಾದರೂ ಬದಲಾಗುತ್ತದೆಂಬ ನನ್ನ ನಂಬಿಕೆ ಅಂದು ಆ ಕಾಯಿಯ ಜೊತೆಗೇ ಒಡೆಯಿತು. ನಾನು ಪರದೆಯ ಆಚೆಗೆ ಹೋದೆ. ಅಕ್ಕ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಳು. ಮೆಚ್ಚುವಳೆಂದು ಭಾವಿಸಿದ್ದೆ.

“ಅವತ್ತು ಅಪ್ಪ ಕೇಳ್ದಾಗ ಈ ಬಾಯಿ ಎಲ್ಲಿಟ್ಟಿದ್ದೆ?”

“ಎಣಿಸ್ತಿದ್ಯಾ ಅಂತ ಕೇಳ್ಲಿಲ್ಲ ಅಕ್ಕ. ಕೇಳಿದ್ದಕ್ಕೆಲ್ಲ ಸರಿಯಾಗೇ ಹೇಳ್ದೆ.”

“ಕೇಳ್ದಿದ್ರೆ ಹೇಳಬಾರ್ದು ಅಂತ ಎಲ್ಲಿ ಬರ್ದೈತೆ? ನಿನ್ನ ಪುಸ್ತಕದಾಗಾ?” ಅವಳು ಚಾಕುವಿನಿಂದ ನನ್ನ ಕಡೆಗೆ ತೋರಿಸಿದಳು. “ಹೋಗು ಮೇಷ್ಟ್ರೇ. ಎಲೆ ಹಾಕು ಹೋಗು.”

ಓಬಳೇಶ ಮಳೆಗಾಲ ಕಳೆಯುವವರೆಗೆ ಕೂತ. ಅವನ ಅಂಚಿಗೆ ಅಕ್ಕನನ್ನೇ ಕೊಟ್ಟರು; ಅಪ್ಪನ ಅಂಚಿಗೆ ಅವ್ವ ಬಂದಳು. ಅವನು ಕಾಲ್ಮಣೆ ತಪ್ಪಿ ತುಳಿದಾಗಲೆಲ್ಲ ಅಕ್ಕ “ಎಡಗಾಲು” ಎನ್ನುತ್ತಿದ್ದಳು. ಎಳೆ ಕಡಿದಾಗಲೆಲ್ಲ ಅವನಿಗಿಂತ ಮೊದಲು ಅವಳ ಬೆರಳು ಅಲ್ಲಿರುತ್ತಿತ್ತು. ಆ ಮಗ್ಗವನ್ನು ಅವಳು ಪಕ್ಕದಿಂದಲೇ ನೇಯುತ್ತಿದ್ದಳು. ಕೊನೆಗೊಂದು ದಿನ ಅವನು, “ಇವಳ ಕೈಲಿ ಪಾಠ ಹೇಳಿಸ್ಕಣಾಕೆ ನನಗೇನು ಕರ್ಮ,” ಎಂದು ಚಳ್ಳಕೆರೆಯ ಎಣ್ಣೆ ಮಿಲ್ಲೊಂದಕ್ಕೆ ಸೇರಿಕೊಂಡ. ಅರ್ಧ ನೇಯ್ದ ಸೀರೆ ಮಗ್ಗದ ಮೇಲೆಯೇ ಉಳಿಯಿತು. ದೊಡ್ಡಪ್ಪ ಬೀದಿಯಲ್ಲಿ ಸಿಕ್ಕರೂ ಮುಖ ತಿರುಗಿಸಿದ. ಎರಡು ದಿನ ಅಪ್ಪ ಅದರ ಮುಂದೆ ಹಾದುಹೋದ, ಬಂದ. ಮೂರನೆಯ ಬೆಳಿಗ್ಗೆ, ತನ್ನ ಮಗ್ಗದಿಂದ ಕತ್ತು ತಿರುಗಿಸದೆಯೇ ಹೇಳಿದ:

“ಗಂಗಿ, ಅದು ಅರ್ಧಕ್ಕೆ ನಿಂತೈತೆ. ನೋಡು.”

ಅಷ್ಟೇ. ತಪ್ಪಾಯಿತೆಂದು ಹೇಳಲಿಲ್ಲ, ಷರತ್ತನ್ನು ಹಿಂತೆಗೆದುಕೊಂಡೆ ಎನ್ನಲಿಲ್ಲ, ಅವಳಿಗೆ ಮಗ್ಗ ಕೊಟ್ಟೆನೆಂಬ ಒಂದು ಪೂರ್ಣ ವಾಕ್ಯವೂ ಅವನ ಬಾಯಿಂದ ಎಂದೂ ಬರಲಿಲ್ಲ. ನನಗೆ ಈಗಲೂ ಅದರ ಬಗ್ಗೆ ಅಸಮಾಧಾನವಿದೆ. ಅಕ್ಕನಿಗೆ ಇರಲಿಲ್ಲ. ಅವಳು ಕಾಲು ತೊಳೆದು ಬಂದು, ಗುಂಡಿಯ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿದಳು. ಓಬಳೇಶ ಹೋದ ಮೇಲೆ ಮತ್ತೆ ಮರದ ಮೇಲೆ ಹರವಿದ್ದ ಒದ್ದೆ ಪಂಚೆಯನ್ನು ಅವ್ವ ತೆಗೆದು ಹಿತ್ತಲಿಗೆ ಒಯ್ದಳು. ಅಂಚಿಗೆ ಇನ್ನೊಬ್ಬರು ಬೇಕಾಗಿತ್ತು. ಅಜ್ಜಿಯ ಕಣ್ಣಿಗೆ ಸಣ್ಣ ಎಳೆ ಕಾಣದು. ಹಾಗಾಗಿ ಶಾಲೆ ಬಿಟ್ಟ ಮೇಲಿನ ಹೊತ್ತಿಗೆ ಅಕ್ಕನ ಎಡಗಡೆಯಲ್ಲಿ ನನ್ನನ್ನು ಕೂರಿಸಿದರು.

ಒಡಲಿನ ಎಳೆಗೆ ಅಂಚಿನ ಎಳೆಯನ್ನು ಸಿಕ್ಕಿಸುವುದು ನೋಡುವವರಿಗೆ ಕಾಣುವಷ್ಟು ಸುಲಭವಲ್ಲವೆಂದು ಮೊದಲ ಗಂಟೆಯಲ್ಲೇ ತಿಳಿಯಿತು. ಕಣ್ಣು ಆಚೀಚೆ ಹೋಗುವಂತಿಲ್ಲ. ಉಸಿರನ್ನು ಸಹ ಅವಳ ಕಾಲಿಗೆ ಹೊಂದಿಸಬೇಕು. ಅವಳ ಹೊಡೆತ ಅಪ್ಪನದಕ್ಕಿಂತ ಹಗುರ, ಆದರೆ ಒಂದರ ಬೆನ್ನಿಗೊಂದು ಬಿಡುವಿಲ್ಲದೆ ಬರುವಂಥದ್ದು. ಹತ್ತು ದಿನ ಕಳೆದು, ಕೈ ತುಸು ಪಳಗಿದೆಯೆನಿಸಿದ ಮೇಲೆ, ಅಂಗಿಯ ಜೇಬಿನಲ್ಲಿ ಮಡಚಿಟ್ಟುಕೊಂಡಿದ್ದ ಆ ಎರಡು ಪುಟಗಳನ್ನು ಮುಟ್ಟಿ ನೋಡಿಕೊಂಡು ನಾನು ಮೆಲ್ಲನೆ ಹೇಳಿದೆ:

“ಅಕ್ಕ, ಕೋಟೆ ಹಂಗೇ ಐತೆ. ನೀನು ಬಾಗಿಲು ತೆಗೆದಾಗಿತ್ತು. ಒಳಗೆ ಏನಿತ್ತು ಅಂತ ಹೇಳ್ಲಾ?”

ಅವಳ ಕಾಲು ನಿಲ್ಲಲಿಲ್ಲ. ಬಟ್ಟೆಯಿಂದ ಕಣ್ಣು ತೆಗೆಯಲಿಲ್ಲ. ಸಿಟ್ಟೂ ಇರಲಿಲ್ಲ ಆ ದನಿಯಲ್ಲಿ; ಇದ್ದಿದ್ದರೆ ನಾನು ತಾಳಿಕೊಳ್ಳುತ್ತಿದ್ದೆ.

“ನಾನು ಅಲ್ಲಿಲ್ಲ ಕಣೋ. ಇಲ್ಲಿ ಕುಂತಿದೀನಿ, ಕಾಣ್ಸಲ್ವಾ?” ಎಂದಳು. “ಲಾಳಿ ಎಸಿ.”

ನಾನು ಎಸೆದೆ.